ಹರೆಯದ ಮಕ್ಕಳ ಕೈಗೆ ಎಂತಹ ಕಥೆ?

ಕಳೆದ ಮಾಘಮಾಸದಲ್ಲಿ ನಾಲ್ಕು ದಿನ ಕಮಲಾಪುರದಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದೆನು. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಬಸ್ಸು ಹತ್ತಿದರೆ ಗಂಟೆಯೊಂದರ ಪ್ರಯಾಣ. ಆ ಊರಿನ ಕೆಂಪು ಬಾಳೆಹಣ್ಣಿನ ಹೆಸರನ್ನು ಕೇಳದ ವಾಚಕರು ವಿರಳವೆಂದು ಭಾವಿಸುತ್ತೇನೆ. ಆದರೆ ಈ ಲೇಖನವು ಹಣ್ಣಿನ ವಿಷಯವಾಗಿ ಬರೆದುದಲ್ಲ. ಮೂರನೆಯ ದಿನ ಬೆಳಗ್ಗೆ ಅಕ್ಕನು ಗಾದಿಗಳನ್ನು ಬಿಸಿಲಿಗೆ ಹಾಕಲೆಂದು ಎತ್ತಿದಾಗ, ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಅವಳ ಮಗಳ ಗಾದಿಯ ಕೆಳಗೆ ಹಳೆಯ ಕಾದಂಬರಿಯೊಂದು ಸಿಕ್ಕಿತು. ರಟ್ಟು ಹರಿದಿದ್ದಿತು, ಹೆಸರು ಮಾತ್ರ ಸ್ಪಷ್ಟವಾಗಿದ್ದಿತು: “ಹಸಿಮಾಂಸ ಮತ್ತು ಹದ್ದುಗಳು.” ಬರೆದವರು ನಮ್ಮ ಕಲಬುರಗಿಯವರೇ ಆದ ಗೀತಾ ನಾಗಭೂಷಣ.

“ಇದೇನವ್ವಾ ಇದು? ಹುಡುಗ್ಯಾರು ಓದೋ ಪುಸ್ತಕ ಏನು ಇದು?” ಎಂದು ಅಕ್ಕ ಕೇಳಿದಳು. ಹುಡುಗಿಯು ಗೋಡೆಯ ಕಡೆಗೆ ಮುಖಮಾಡಿ, ಕಲಬುರಗಿಯ ಗೆಳತಿಯೊಬ್ಬಳು ಕೊಟ್ಟಳೆಂದು ಹೇಳಿ ಸುಮ್ಮನಾದಳು. ಆಗ ಅಕ್ಕನು ನನ್ನ ಕಡೆಗೆ ತಿರುಗಿದಳು. “ನೀ ಊರ ಮಂದಿಗೆಲ್ಲ ಪುಸ್ತಕ ಓದ್ರಿ ಅಂತ ಹೇಳ್ತಿ. ಈಗ ಹೇಳು, ಇಂಥಾದ್ದು ಓದಿದ್ರ ಹುಡುಗಿ ಮನಸ್ಸು ಏನಾಗ್ತದ?”

ಕೂಡಲೆ ಹೇಳುವಂತಹ ಉತ್ತರವು ನನ್ನಲ್ಲಿ ಇರಲಿಲ್ಲ. ಪುಸ್ತಕವನ್ನು ನನ್ನ ಚೀಲದಲ್ಲಿಟ್ಟುಕೊಂಡು ಮರುದಿನ ಊರಿಗೆ ಹೊರಟುಬಂದೆನು. ತಡವಾಗಿಯಾದರೂ ಕೊಡಬೇಕೆಂದು ಹೊರಟಿರುವ ಉತ್ತರವೇ ಈ ಲೇಖನ.

ಅಕ್ಕನ ಪ್ರಶ್ನೆಯನ್ನು ಹಳ್ಳಿಯ ಹೆಂಗಸಿನ ಅಂಜಿಕೆಯೆಂದು ತಳ್ಳಿಹಾಕುವುದು ಸುಲಭ; ನ್ಯಾಯವಲ್ಲ. ಹೆತ್ತವಳಿಗೆ ಮಗಳ ಕಿವಿಗೆ ಕೆಟ್ಟ ಮಾತು ಬೀಳಬಾರದೆಂಬ ಆಸೆ ಸಹಜವಾದುದು. ಬಲಾತ್ಕಾರದ ಕಥೆಯನ್ನು ಓದಿದರೆ ಇಲ್ಲದ ಭಯವು ಮನೆಯೊಳಕ್ಕೆ ಬಂದೀತೆಂಬುದು ಅವಳ ಆತಂಕ. ಆದರೆ ಆ ಭಯವು ಮನೆಯೊಳಗೆ ಇಲ್ಲವೆಂದು ನಾವು ಯಾವ ಆಧಾರದಿಂದ ನಂಬಿದ್ದೇವೆ? ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಇಲಾಖೆಯು 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದುಂಟು. 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ವಿಚಾರಿಸಲಾಯಿತು. ಒಂದಲ್ಲ ಒಂದು ಬಗೆಯ ಲೈಂಗಿಕ ಉಪದ್ರವವನ್ನು ಅನುಭವಿಸಿದೆವೆಂದು ಹೇಳಿದವರು ನೂರಕ್ಕೆ 53 ಮಂದಿ. ಅವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಗಂಡುಮಕ್ಕಳೆಂಬುದನ್ನು ಓದಿ ನಾನೂ ಬೆರಗಾದೆನು. ತೊಂದರೆ ಕೊಟ್ಟವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಮನೆಯವರ ನಂಬಿಕೆಗೆ ಪಾತ್ರರಾದವರು. ಬಹುಪಾಲು ಮಕ್ಕಳು ನಡೆದುದನ್ನು ಯಾರಿಗೂ ಹೇಳಲಿಲ್ಲ. ಪೊಲೀಸರಲ್ಲಿ ದಾಖಲಾದ ಅತ್ಯಾಚಾರದ ಮೊಕದ್ದಮೆಗಳ ಲೆಕ್ಕವನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ವರ್ಷ ವರ್ಷವೂ ಪ್ರಕಟಿಸುತ್ತಿರುವುದು. ಅದರಲ್ಲಿಯೂ ನೂರಕ್ಕೆ 90ಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಆರೋಪಿಯು ಗುರುತಿನವನೇ.

ಕತ್ತಲಾದ ಮೇಲೆ ಹೊರಗೆ ಹೋಗಬೇಡ, ಅಪರಿಚಿತರೊಡನೆ ಮಾತನಾಡಬೇಡ ಎಂದು ನಾವು ಹೆಣ್ಣುಮಕ್ಕಳಿಗೆ ಹೇಳುವ ಬುದ್ಧಿವಾದವೆಲ್ಲ ತಲೆಬಾಗಿಲಿಗೆ ಹಾಕಿದ ಅಗಳಿ. ಹಿತ್ತಲ ಬಾಗಿಲಿನಿಂದ ಬರುವವನು ಹಬ್ಬಕ್ಕೆ ಬಂದು ಹೋಳಿಗೆ ಉಂಡು ಹೋಗುವವನು. ಅವನ ವಿಷಯದಲ್ಲಿ ಹುಡುಗಿಗೆ ನಾವು ಕೊಟ್ಟಿರುವ ಮಾತು ಒಂದೂ ಇಲ್ಲ. ಮಾತೇ ಇಲ್ಲದ ಸಂಗತಿಯನ್ನು ಅವಳು ತಾನೇ ಹೇಗೆ ಹೇಳಿಯಾಳು?

ಇಲ್ಲಿ ಕಥೆಯ ಪ್ರಯೋಜನವು ಕಾಣಬರುವುದು. ತನ್ನ ಮೇಲೆ ಬಂದುದನ್ನು ಹೇಳಲಾರದ ಹುಡುಗಿಯು ಇನ್ನೊಬ್ಬಳ ಕಥೆಯನ್ನು ಓದಿ, ಇದಕ್ಕೆ ಹೆಸರುಂಟು, ಇದು ನನ್ನೊಬ್ಬಳಿಗೇ ಆದುದಲ್ಲ ಎಂದು ತಿಳಿಯಬಲ್ಲಳು. ಆದರೆ ಎಲ್ಲ ಕಥೆಗಳಿಂದಲೂ ಈ ಉಪಕಾರವಾಗುವುದಿಲ್ಲ. ನಮ್ಮ ಚಲಚ್ಚಿತ್ರಗಳಲ್ಲಿಯೂ ವಾರಪತ್ರಿಕೆಯ ಧಾರಾವಾಹಿಗಳಲ್ಲಿಯೂ ನಾವು ಕಾಣುತ್ತ ಬಂದಿರುವ ಇಂತಹ ಹುಡುಗಿಗೆ ಮೂರೇ ದಾರಿ: ಬಾವಿ, ಇಲ್ಲವೆ ಅದೇ ಪಾಪಿಯೊಡನೆ ತಾಳಿ, ಇಲ್ಲವೆ ಕೈಯಲ್ಲಿ ಕುಡುಗೋಲು. ಮೂರನೆಯದನ್ನು ನೋಡಿ ಜನ ಚಪ್ಪಾಳೆ ತಟ್ಟುವರು. ಚಪ್ಪಾಳೆ ತಟ್ಟಿದವರ ನಡುವೆ ಮಾತಿಲ್ಲದೆ ಕುಳಿತ ಹದಿನೈದರ ಹುಡುಗಿಯು ಕುಡುಗೋಲು ಹಿಡಿಯಲಾರಳು. ಅವಳಿಗೆ ಉಳಿದುದು ಮೊದಲಿನ ಎರಡು.

ಮಾತಿನ ವಿಷಯ ಬಂದುದರಿಂದ ಒಂದನ್ನು ಹೇಳಿಬಿಡುತ್ತೇನೆ. ನಮ್ಮ ಆಡುನುಡಿಯಲ್ಲಿ ಮನೆಗೆ ಕಳ್ಳ ಬಿದ್ದರೆ “ಕಳ್ಳ ಕದ್ದ” ಎನ್ನುವೆವು. ವಾಕ್ಯದಲ್ಲಿ ಕರ್ತೃವು ಕಳ್ಳ. ಹುಡುಗಿಯ ಮೇಲೆ ಬಲಾತ್ಕಾರವಾದರೆ “ಅವಳು ಕೆಟ್ಟಳು” ಎನ್ನುವೆವು, “ಅವಳ ಮಾನ ಹೋಯಿತು” ಎನ್ನುವೆವು. ಮಾಡಿದವನು ವಾಕ್ಯದಿಂದಲೇ ಓಡಿಹೋದನು! ಕೆಟ್ಟವನು ಅವನು, ಕೆಟ್ಟಳೆಂಬ ಕ್ರಿಯಾಪದವು ಇವಳಿಗೆ. ಮಾನಭಂಗ, ಶೀಲಭಂಗ ಎಂಬ ಪತ್ರಿಕಾಭಾಷೆಯ ಶಬ್ದಗಳೂ ಇದೇ ಗುಂಪಿಗೆ ಸೇರಿದವು. ಯಾರೋ ಕಲ್ಲೆಸೆದು ಕೈ ಮುರಿದರೆ ಪೆಟ್ಟು ತಿಂದವನ ಮಾನ ಹೋಯಿತೆಂದು ಯಾರೂ ಹೇಳುವುದಿಲ್ಲ. ಮಕ್ಕಳಿಗಾಗಿ ಬರೆಯುವವರು ಮೊದಲು ಈ ವ್ಯಾಕರಣವನ್ನು ತಿದ್ದಿಕೊಳ್ಳಬೇಕೆಂಬುದು ನನ್ನ ಮತ.

ನಮ್ಮ ಹಳೆಯ ಸಾಹಿತ್ಯವು ಈ ವಿಷಯದಲ್ಲಿ ಬರಿದಾದುದೆಂದು ತಿಳಿಯಬಾರದು. ಕುರುಸಭೆಗೆ ಎಳೆತಂದ ದ್ರೌಪದಿಯು ಅತ್ತುದಷ್ಟೇ ಅಲ್ಲ, ಪ್ರಶ್ನೆ ಕೇಳಿದಳು. ಅದೂ ನ್ಯಾಯದ ಪ್ರಶ್ನೆ. ಹಿರಿಯರು ಧರ್ಮವು ಸೂಕ್ಷ್ಮವೆಂದರು, ತಲೆ ತಗ್ಗಿಸಿದರು. ಎದ್ದು ನಿಂತು ಅವಳ ಪರವಾಗಿ ಮಾತನಾಡಿದವನು ದುರ್ಯೋಧನನ ತಮ್ಮ ವಿಕರ್ಣ. ಹರಿಕಥೆಯ ದಾಸರು ಅಕ್ಷಯವಾದ ಸೀರೆಯನ್ನು ಗಂಟೆಗಟ್ಟಲೆ ವರ್ಣಿಸುವರು; ವಿಕರ್ಣನಿಗೆ ಎರಡು ನಿಮಿಷವಾದರೂ ಸಲ್ಲುವುದೋ ಇಲ್ಲವೋ. ಅವನ ಮಾತಿನಿಂದ ಸಭೆಯು ಬದಲಾಗಲಿಲ್ಲ, ದಿಟ. ಆದರೂ ಆ ಸಭೆಯಲ್ಲಿ ಒಬ್ಬನಾದರೂ ತನ್ನ ಮಾತನ್ನು ಕೇಳಿದನೆಂಬುದು ಅವಳಿಗೆ ಏನಾಗಿರಬೇಕು! ಇನ್ನು ಆಧುನಿಕರಲ್ಲಿ, 1939ರಲ್ಲಿ ಇಪ್ಪತ್ತೇಳರ ಹರೆಯದಲ್ಲಿಯೇ ತೀರಿಕೊಂಡ ಕೊಡಗಿನ ಗೌರಮ್ಮನವರು ತಮ್ಮ ಕಥೆಯೊಂದಕ್ಕೆ “ಅಪರಾಧಿ ಯಾರು?” ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ಅರ್ಧ ಕೆಲಸವಾಗಿರುವುದು.

ಈಗ ಗೀತಾ ನಾಗಭೂಷಣರ ಮಾತಿಗೆ ಬರುತ್ತೇನೆ. ಅವರು 1942ರಲ್ಲಿ ಕಲಬುರಗಿ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿದರು. ತಂದೆ ಗಿರಣಿಯ ಕಾರ್ಮಿಕರು. ಬಡತನದಲ್ಲಿ ಓದಿ, ಗುಮಾಸ್ತೆಯಾಗಿ ದುಡಿದು, ಮುಂದೆ ಅಧ್ಯಾಪಕಿಯಾದರು. 2004ರಲ್ಲಿ “ಬದುಕು” ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡದ ಲೇಖಕಿಯರಲ್ಲಿ ಆ ಗೌರವವನ್ನು ಪಡೆದ ಮೊದಲಿಗರು ಅವರೇ. 2010ರಲ್ಲಿ ಗದುಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. 2020ರ ಜೂನ್‌ನಲ್ಲಿ ಕಲಬುರಗಿಯಲ್ಲಿಯೇ ನಿಧನರಾದರು. ನಮ್ಮ ಸೀಮೆಯ ಕೆಳವರ್ಗದ ಬಡ ಹೆಂಗಸರ ಮೈಮೇಲೆ ಉಳ್ಳವರು ಹಕ್ಕು ಸಾಧಿಸುತ್ತಿದ್ದ ರೀತಿಯನ್ನು, ನಮ್ಮ ನೆಲದ ನುಡಿಯಲ್ಲಿಯೇ, ಸೆರಗು ಮರೆಮಾಡದೆ ಬರೆದವರು ಅವರು. ಹದ್ದನ್ನು ಹದ್ದೆಂದು ಕರೆದರು. ವಾಕ್ಯದಿಂದ ಓಡಿಹೋಗಿದ್ದ ಕರ್ತೃವನ್ನು ಹಿಡಿದು ಎಳೆತಂದು ಹೆಸರಿನಲ್ಲಿಯೇ ನಿಲ್ಲಿಸಿದರು. ಆ ಕಾದಂಬರಿಯು “ಹೆಣ್ಣಿನ ಕೂಗು” ಎಂಬ ಹೆಸರಿನಿಂದ ಚಲಚ್ಚಿತ್ರವೂ ಆಯಿತು.

ನನ್ನ ಸೋದರಿಯ ಮಗಳು ಅದನ್ನು ಗಾದಿಯ ಕೆಳಗೆ ಬಚ್ಚಿಟ್ಟುದಕ್ಕೆ ನಾನು ಬೈಯಲಾರೆ. ಆದರೂ ಅದು ಹದಿನೈದರವರಿಗೆಂದು ಬರೆದ ಪುಸ್ತಕವಲ್ಲ. ಸಮಾಜದ ಹುಣ್ಣನ್ನು ಬಿಚ್ಚಿ ತೋರಿಸುವುದು ಅದರ ಕೆಲಸ; ಹುಣ್ಣಾದವಳು ಮರುದಿನ ಬೆಳಗ್ಗೆ ಎದ್ದು ಯಾರ ಮನೆಯ ಬಾಗಿಲು ಬಡಿಯಬೇಕೆಂಬುದನ್ನು ಹೇಳುವುದು ಬೇರೊಂದು ಬಗೆಯ ಕಥೆಯ ಕೆಲಸ. ಆ ಬಗೆಯ ಕಥೆಗಳು ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದುದು ಬಲು ಕಡಿಮೆ. ಹೊರಗೆ ಉಂಟು.

ಅಮೆರಿಕದ ಲಾರಿ ಹಾಲ್ಸ್ ಆಂಡರ್ಸನ್ ಎಂಬ ಲೇಖಕಿ 1999ರಲ್ಲಿ “ಸ್ಪೀಕ್” ಎಂಬ ಕಾದಂಬರಿಯನ್ನು ಬರೆದಳು. ಹೆಸರಿನ ಅರ್ಥ “ಮಾತನಾಡು” ಎಂದು. ಮೆಲಿಂಡಾ ಎಂಬ ಹುಡುಗಿ ಬೇಸಗೆಯ ಸಂತೋಷಕೂಟವೊಂದರಿಂದ ಪೊಲೀಸರಿಗೆ ಟೆಲಿಫೋನು ಮಾಡಿದಳೆಂದು ಶಾಲೆಯ ಗೆಳತಿಯರೆಲ್ಲ ಅವಳನ್ನು ದೂರ ಮಾಡಿರುವರು. ಏಕೆ ಮಾಡಿದಳೆಂದು ಒಬ್ಬರೂ ಕೇಳಿಲ್ಲ. ದೊಡ್ಡ ತರಗತಿಯ ಹುಡುಗನೊಬ್ಬನು ಅಂದು ಅವಳ ಮೇಲೆ ಬಲಾತ್ಕಾರ ಮಾಡಿದ್ದನು. ಅವಳು ಕ್ರಮೇಣ ಮಾತನ್ನೇ ಬಿಡುವಳು. ತಂದೆತಾಯಿಗಳು ಅಂಕಗಳು ಕಡಿಮೆಯಾದುವೆಂದು ರೇಗುವರು. ಬೇರೇನೂ ಅವರಿಗೆ ಕಾಣದು. ಚಿತ್ರಕಲೆಯ ಮೇಷ್ಟರೊಬ್ಬರು ಮಾತ್ರ ಅವಳಿಗೆ ವರ್ಷವಿಡೀ ಒಂದು ಮರವನ್ನೇ ಬಿಡಿಸುವ ಕೆಲಸವನ್ನು ಕೊಟ್ಟು, ಪೀಡಿಸದೆ ಕಾದಿರುವರು. ಕಡೆಗೆ ಅವನು ಮತ್ತೊಮ್ಮೆ ಮೈಮೇಲೆ ಬಂದಾಗ ಅವಳು ಕೂಗುವಳು, ಹುಡುಗಿಯರು ಓಡಿಬರುವರು. ಆಮೇಲೆ ಮೇಷ್ಟರೆದುರು ಬಾಯಿ ತೆರೆಯುವಳು. ಇಷ್ಟೇ ಕಥೆ. ಬಾವಿಯೂ ಇಲ್ಲ, ತಾಳಿಯೂ ಇಲ್ಲ. ಈ ಪುಸ್ತಕವು ಶಾಲೆಗಳಲ್ಲಿ ಇರಕೂಡದೆಂದು ಅಲ್ಲಿನ ತಂದೆತಾಯಿಗಳೂ ಅನೇಕ ಸಲ ಗದ್ದಲವೆಬ್ಬಿಸಿದ್ದುಂಟು. ನಮ್ಮ ಅಕ್ಕನು ಕಮಲಾಪುರದಲ್ಲಿ ಮಾತ್ರ ಇರುವವಳಲ್ಲ! ಹದಿಮೂರನೆಯ ವಯಸ್ಸಿನಲ್ಲಿ ತನ್ನ ಮೇಲೆಯೇ ಇಂತಹುದು ನಡೆದಿತ್ತೆಂಬುದನ್ನು ಆ ಲೇಖಕಿ 2019ರಲ್ಲಿ “ಶೌಟ್” ಎಂಬ ಆತ್ಮಕಥನದಲ್ಲಿ ಬರೆದಳು.

ಕಥೆಯಲ್ಲದೆ ನಿಜಜೀವನದ ಉದಾಹರಣೆಯೊಂದು ಮಾಯಾ ಏಂಜೆಲೊ ಎಂಬ ಕರಿಯ ಜನಾಂಗದ ಕವಯಿತ್ರಿಯದು. ಸುಮಾರು ಎಂಟರ ಹರೆಯದಲ್ಲಿ ತಾಯಿಯ ಗೆಳೆಯನಿಂದಲೇ ಕೆಡುಕಿಗೀಡಾದಳು. ಅವನ ಹೆಸರನ್ನು ಹೇಳಿದಳು, ಅವನು ಕೊಲೆಯಾದನು. ತನ್ನ ದನಿಯೇ ಅವನನ್ನು ಕೊಂದಿತೆಂದು ಆ ಮಗು ನಂಬಿ, ಸುಮಾರು ಐದು ವರ್ಷ ಮೂಕಿಯಂತಿದ್ದಿತು. ಅಜ್ಜಿಯ ಊರಿನ ಬರ್ತಾ ಫ್ಲವರ್ಸ್ ಎಂಬ ವಿದ್ಯಾವಂತ ಗೃಹಿಣಿ ಅವಳನ್ನು ಮನೆಗೆ ಕರೆದು, ಬಿಸ್ಕತ್ತನ್ನೂ ನಿಂಬೆಯ ಪಾನಕವನ್ನೂ ಕೊಟ್ಟು, ಪುಸ್ತಕವನ್ನು ಗಟ್ಟಿಯಾಗಿ ಓದಿ ತೋರಿಸಿ, ಓದಲು ಕೈಗೆ ಕೊಟ್ಟು ಕಳಿಸಿದಳು. ಏನಾಯಿತೆಂದು ಅವಳು ಕೇಳಲಿಲ್ಲ. 1969ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಮಾಯಾ ಈ ಪಾನಕವನ್ನು ಮರೆತಿಲ್ಲ. ಅಡಿಗೆಮನೆಯಲ್ಲಿ ಕುಳಿತು ನಾವೇನು ಮಾಡಬಲ್ಲೆವೆಂದು ನಿಟ್ಟುಸಿರಿಡುವ ಸೋದರಿಯರು ಬರ್ತಾ ಫ್ಲವರ್ಸಳನ್ನು ನೆನೆಯಬಹುದು.

ನಮ್ಮ ಬೆಂಗಳೂರಿನ ನಾಟಕಕಾರರಾದ ಮಹೇಶ ದತ್ತಾನಿಯವರು ಇಂಗ್ಲಿಷಿನಲ್ಲಿ ಬರೆದ “ಥರ್ಟಿ ಡೇಸ್ ಇನ್ ಸೆಪ್ಟೆಂಬರ್” ಎಂಬ ನಾಟಕವು 2001ರಲ್ಲಿ ರಂಗವನ್ನೇರಿತು. ಮಾಲಾ ಎಂಬ ತರುಣಿ. ಅವಳ ಬಾಲ್ಯವನ್ನು ಹಾಳುಮಾಡಿದವನು ಸೋದರಮಾವ. ತನ್ನ ನೋವನ್ನು ಕೇಳದೆ ಊಟ ಬಡಿಸಿ ಸುಮ್ಮನಾಗಿಸಿದ, ದೇವರ ಪಟದ ಮುಂದೆ ಕುಳಿತು ಕಣ್ಣು ಮುಚ್ಚಿದ ತಾಯಿಯ ಮೇಲೆ ಅವಳಿಗೆ ಮಾವನಿಗಿಂತಲೂ ಹೆಚ್ಚು ಕೋಪ. ನೋಡುತ್ತಿರುವ ನಮಗೂ ಕೋಪವೇ. ನಾಟಕವು ಮುಗಿಯುವ ಹೊತ್ತಿಗೆ ತಿಳಿಯುವುದು: ತಾಯಿಯೂ ಬಾಲ್ಯದಲ್ಲಿ ಅದೇ ಮನುಷ್ಯನಿಗೆ, ತನ್ನ ಒಡಹುಟ್ಟಿದವನಿಗೇ, ಬಲಿಯಾಗಿದ್ದವಳು, ಅವಳಿಗೂ ಯಾರೂ ಕಿವಿಗೊಟ್ಟಿರಲಿಲ್ಲ. ಕೇಳದ ತಾಯಿಯರನ್ನು ನಿಂದಿಸುವ ಮೊದಲು ಈ ಒಂದು ಸಾಧ್ಯತೆಯನ್ನು ನೆನಪಿನಲ್ಲಿಡುವುದು ಲೇಸೆಂದು ಆ ನಾಟಕದಿಂದ ನಾನು ಕಲಿತೆನು.

ಇವುಗಳಲ್ಲಿ ಹುಡುಗಿಯ ಮುಂದಿನ ಬಾಳು ಒಂದು ಗಳಿಗೆಯ ಮೇಲೆ ನಿಂತಿರುವುದು. ಅವಳು ಮೊದಲ ಸಲ ಬಾಯಿ ತೆರೆದಾಗ ಎದುರಿಗಿದ್ದವರು ಏನಂದರು? “ನೀ ಯಾಕ ಅಲ್ಲಿಗಿ ಹೋಗಿದ್ದಿ?” ಎಂದರೋ, “ಯಾರ ಮುಂದೂ ಹೇಳಬ್ಯಾಡ” ಎಂದರೋ, ಅಥವಾ “ನಾ ನಂಬ್ತೀನಿ, ನಿಂದೇನೂ ತಪ್ಪಿಲ್ಲವ್ವಾ” ಎಂದರೋ? ಮೊದಲಿನ ಎರಡು ಮಾತುಗಳನ್ನು ಪ್ರೀತಿಯುಳ್ಳವರೇ ಗಾಬರಿಯಿಂದ ಆಡುವರು. ಕಥೆಯನ್ನು ಮೊದಲೇ ಓದಿದ್ದರೆ ಗಾಬರಿಯಲ್ಲಿಯೂ ಮೂರನೆಯ ಮಾತು ನಾಲಗೆಗೆ ಬಂದೀತು. ಆದುದರಿಂದ ಇಂತಹ ಪುಸ್ತಕವನ್ನು ಮಗಳಿಗಿಂತ ಮೊದಲು ತಾಯಿಯೇ ಓದತಕ್ಕದ್ದು. ತಂದೆಯೂ ಓದಿದರೆ ಇನ್ನೂ ಲೇಸು.

ನಮ್ಮ ಕಡೆಯ ತರುಣ ಲೇಖಕಿಯೊಬ್ಬಳು ಇಂತಹ ಕಥೆಯನ್ನು ಕಮಲಾಪುರದಲ್ಲಿಟ್ಟು ಬರೆಯಹೊರಟಳೆಂದು ಭಾವಿಸೋಣ. ಅವಳಿಗೆ ತಿಳಿದಿರಬೇಕಾದುದು ಬಹಳ ಉಂಟು, ಮನೆಮಂದಿಗೂ ಅದು ತಿಳಿದಿದ್ದರೆ ನಷ್ಟವಿಲ್ಲ.

ಮೊದಲನೆಯ ರಾತ್ರಿ. ಮಗಳ ಸ್ಥಿತಿಯನ್ನು ಕಂಡ ತಾಯಿಯ ಕೈ ತಾನಾಗಿಯೇ ನೀರಿನ ಕೊಡಕ್ಕೆ ಹೋಗುವುದು. ಮೀಯಿಸಿ, ಬಟ್ಟೆಯನ್ನು ಒಗೆದುಹಾಕಿ, ಆದುದನ್ನು ತೊಳೆದುಬಿಡಬೇಕೆಂಬ ಆಸೆ. ಆ ಆಸೆಯನ್ನು ತಡೆಯಬೇಕು. ಬಟ್ಟೆಯನ್ನು ಒಗೆಯದೆ ಕಾಗದದಲ್ಲಿ ಸುತ್ತಿಟ್ಟು ಆಸ್ಪತ್ರೆಗೆ ಹೋಗತಕ್ಕದ್ದು. ಗರ್ಭವನ್ನು ತಡೆಯುವ ಗುಳಿಗೆಯೂ ಎಚ್‌.ಐ.ವಿ. ಸೋಂಕನ್ನು ತಡೆಯುವ ಔಷಧವೂ 72 ಗಂಟೆಗಳೊಳಗೆ, ಬೇಗ ಕೊಟ್ಟಷ್ಟೂ, ಹೆಚ್ಚು ಗುಣ ಕೊಡುವುವು. ತಡವಾಗಿ ಹೋದರೂ ಆಸ್ಪತ್ರೆಯ ಬಾಗಿಲು ಮುಚ್ಚಿರುವುದಿಲ್ಲ. ಸರಕಾರದ್ದಾಗಲಿ ಖಾಸಗಿಯಾಗಲಿ, ಯಾವ ಆಸ್ಪತ್ರೆಯೇ ಆಗಲಿ ಇಂತಹವರಿಗೆ ಕೂಡಲೆ ಉಚಿತವಾಗಿ ಚಿಕಿತ್ಸೆ ಮಾಡಬೇಕೆಂದು ಕಾಯಿದೆಯುಂಟು. ಮೊದಲು ಪೊಲೀಸರ ಕಾಗದ ತನ್ನಿರೆಂದು ಹಿಂದಕ್ಕೆ ಕಳಿಸಕೂಡದು. ಹುಡುಗಿಯನ್ನು ಪರೀಕ್ಷಿಸುವವರು ವೈದ್ಯೆಯೇ ಆಗಿರಬೇಕು. ತಾಯಿಯೋ ಅವಳಿಗೆ ಬೇಕಾದ ಇನ್ನೊಬ್ಬರೋ ಹತ್ತಿರವಿರಬಹುದು. ಹಿಂದೆ ನಡೆಯುತ್ತಿದ್ದ ಎರಡು ಬೆರಳಿನ ಪರೀಕ್ಷೆಯೆಂಬ ಅವಮಾನವನ್ನು ಸುಪ್ರೀಂ ಕೋರ್ಟು 2013ರಲ್ಲಿ ಖಂಡಿಸಿತು. 2022ರಲ್ಲಿ, ಅದನ್ನು ಮಾಡುವ ವೈದ್ಯರು ದುರ್ವರ್ತನೆಯ ತಪ್ಪಿಗೆ ಗುರಿಯಾಗುವರೆಂದೂ ಹೇಳಿತು.

ಪೊಲೀಸರೆಂದರೆ ಮನೆಗಳಲ್ಲಿ ಇನ್ನೂ ನಡುಕ. ಹದಿನೆಂಟು ತುಂಬದ ಮಕ್ಕಳಿಗಾಗಿ ಪೋಕ್ಸೊ ಎಂದು ಕರೆಯುವ ಕಾಯಿದೆಯು 2012ರ ನವೆಂಬರ್ 14ರಿಂದ ಜಾರಿಯಲ್ಲಿರುವುದು. ಗಂಡುಮಕ್ಕಳಿಗೂ ಅದು ಸಮಾನವಾಗಿ ಅನ್ವಯಿಸುವುದು. ಅದರ ಪ್ರಕಾರ ಮಗುವು ಠಾಣೆಗೆ ಹೋಗಬೇಕೆಂಬುದಿಲ್ಲ. ಮಗುವಿನ ಮನೆಗೋ ಅದು ಬಯಸಿದ ಸ್ಥಳಕ್ಕೋ ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಬಂದು, ಸಮವಸ್ತ್ರ ಧರಿಸದೆ ಹೇಳಿಕೆಯನ್ನು ಬರೆದುಕೊಳ್ಳಬೇಕು. ರಾತ್ರಿಯಲ್ಲಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳಕೂಡದು. ಕೆಡುಕು ನಡೆದುದು ಕಲಬುರಗಿಯಲ್ಲಾದರೂ ಕಮಲಾಪುರದ ಠಾಣೆಯವರು ದೂರನ್ನು ಬರೆದುಕೊಂಡು ಮುಂದಕ್ಕೆ ಕಳಿಸಬೇಕು. 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ವರದಿಯಾಗಬೇಕು. ಹುಡುಗಿಯ ಹೆಸರನ್ನಾಗಲಿ ಊರುಕೇರಿಯ ಗುರುತನ್ನಾಗಲಿ ಪತ್ರಿಕೆಯಲ್ಲಿ ಹಾಕುವುದು ಅಪರಾಧ. ತಿಳಿದೂ ವರದಿ ಮಾಡದೆ ಮುಚ್ಚಿಟ್ಟವರಿಗೂ ಶಿಕ್ಷೆಯುಂಟು. ನ್ಯಾಯಾಲಯದಲ್ಲಿ ಬಾಗಿಲು ಮುಚ್ಚಿ ವಿಚಾರಣೆ ನಡೆಸುವರು. ಸಾಕ್ಷಿ ಹೇಳುವಾಗ ಅವನ ಮುಖ ಅವಳಿಗೆ ಕಾಣದಂತೆ ತೆರೆಯಿರಬೇಕು. ವಕೀಲನು ಅವಳನ್ನು ಗದರಿಸಿ ಕೇಳುವಂತಿಲ್ಲ. ಸಾಧ್ಯವಾದರೆ ವರ್ಷದೊಳಗೆ ಮೊಕದ್ದಮೆ ಮುಗಿಯಬೇಕೆಂದು ಬರೆದಿರುವುದು. ಆ “ಸಾಧ್ಯವಾದರೆ” ಎಂಬ ಮಾತಿನಲ್ಲಿ ಎಷ್ಟೋ ಹುಡುಗಿಯರ ಹರೆಯವೇ ಕಳೆದುಹೋಗಿದೆಯೆಂಬುದನ್ನು ಲೇಖಕಿಯು ಮರೆಮಾಚಬಾರದು. ಸುಳ್ಳು ಧೈರ್ಯವನ್ನು ಕೊಡುವ ಕಥೆಯನ್ನು ಮಕ್ಕಳು ಬೇಗನೆ ಗುರುತಿಸುವರು.

ಈ ಕಾಯಿದೆಯ ನಿಯಮಗಳಲ್ಲಿ “ಬೆಂಬಲ ವ್ಯಕ್ತಿ” ಎಂಬೊಬ್ಬರುಂಟು. ಮಕ್ಕಳ ಕಲ್ಯಾಣ ಸಮಿತಿಯು ಮನೆಯವರ ಒಪ್ಪಿಗೆಯಿಂದ ನೇಮಿಸುವ ಇವರು ಮೊದಲಿನಿಂದ ಕಡೆಯವರೆಗೆ ಹುಡುಗಿಯ ಜೊತೆಗಿರತಕ್ಕವರು: ಆಸ್ಪತ್ರೆಗೆ, ಮ್ಯಾಜಿಸ್ಟ್ರೇಟರ ಬಳಿಗೆ, ನ್ಯಾಯಾಲಯಕ್ಕೆ. ಮುಂದೇನೆಂದು ತಿಳಿಸಿ ಹೇಳುವುದೂ ಅವರ ಕೆಲಸವೇ. ಇವರಿಲ್ಲದೆ ಕಾಯಿದೆಯು ಅರ್ಧವೆಂದು 2023ರಲ್ಲಿ ಸುಪ್ರೀಂ ಕೋರ್ಟು ಇವರ ನೇಮಕಕ್ಕೂ ತರಬೇತಿಗೂ ಸೂಚನೆಗಳನ್ನು ಕೊಟ್ಟಿತು. ನಮ್ಮ ಕಾದಂಬರಿಗಳಲ್ಲಿ ಗೌಡನುಂಟು, ಫೌಜದಾರನುಂಟು, ಗುಡುಗುವ ವಕೀಲನುಂಟು. ಈ ಪಾತ್ರವನ್ನು ನಾನು ಎಲ್ಲಿಯೂ ಕಂಡಿಲ್ಲ. ಮಡಿಲಲ್ಲಿ ಕಡತವನ್ನಿಟ್ಟುಕೊಂಡು, ನ್ಯಾಯಾಲಯದ ಹೊರಗಿನ ಬೆಂಚಿನ ಮೇಲೆ ಹುಡುಗಿಯ ಪಕ್ಕದಲ್ಲಿ ಕುಳಿತು ಶೇಂಗಾ ಬಿಡಿಸಿ ಕೊಡುವ ನಡುವಯಸ್ಸಿನ ಹೆಂಗಸು. ಎಂತಹ ಪಾತ್ರವಾದೀತು!

ಬಸ್ಸಿನ ಒಂದು ಅಧ್ಯಾಯವೂ ಆ ಕಥೆಯಲ್ಲಿರಲೇಬೇಕು. ಕಮಲಾಪುರದಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ತಾಯಿ ಮಗಳಿಬ್ಬರು ಮುಂಜಾನೆ ಕುಳಿತರೆ ಅರ್ಧ ಬಸ್ಸು ಪರಿಚಯದವರೇ. “ಎಲ್ಲಿಗಿ ಹೊಂಟೀರಿ?” ಎಂದು ಕೇಳದೆ ಯಾರೂ ಬಿಡರು; ಕೇಳದಿದ್ದರೆ ಅದೇ ಅಪಚಾರ. ಒಂದು ಸಲ ಹಲ್ಲುನೋವೆನ್ನಬಹುದು, ಎರಡನೆಯ ಸಲ ಕಣ್ಣಿನ ಡಾಕ್ಟರೆನ್ನಬಹುದು. ಆರನೆಯ ತಾರೀಖಿಗೆ ಏನೆನ್ನುವುದು? ನಗರದ ಓದುಗರಿಗೆ ಇದು ಅಲ್ಪವಾಗಿ ಕಾಣಬಹುದು. ಮೊಕದ್ದಮೆಯನ್ನು ಕೈಬಿಡುವಂತೆ ಮಾಡಲು ಬೆದರಿಕೆಯೇ ಬೇಕೆಂದಿಲ್ಲ, ಈ ಪ್ರಶ್ನೆಯೊಂದೇ ಸಾಕು.

ಆಮೇಲೆ ಹಿರಿಯರು ಬರುವರು. ಕಟ್ಟೆಯ ಮೇಲೆ ಕುಳಿತು, ಎರಡೂ ಮನೆಯ ಮರ್ಯಾದೆಯ ಮಾತೆತ್ತಿ, ಅವನಿಗೇ ಕೊಟ್ಟು ಮದುವೆ ಮಾಡಿ ಮುಗಿಸೋಣವೆನ್ನುವರು. ಬಲಾತ್ಕಾರದ ಮೊಕದ್ದಮೆಯಲ್ಲಿ ರಾಜಿಗೆ ಎಡೆಯೇ ಇಲ್ಲವೆಂದು, ಮದುವೆಯ ಮಾತೂ ಕೂಡದೆಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪಿತ್ತಿತು. ಆರೋಪಿಯೊಬ್ಬನು ಹೆಂಗಸಿನ ಕೈಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶದಲ್ಲಿ ಜಾಮೀನಿಗೆ ಹಾಕಿದ್ದ ಷರತ್ತನ್ನು 2021ರಲ್ಲಿ ಅದೇ ನ್ಯಾಯಾಲಯವು ತೆಗೆದುಹಾಕಿತು. ಕಟ್ಟೆಯ ಹಿರಿಯರಿಗೆ ಈ ತೀರ್ಪುಗಳನ್ನು ಓದಿಹೇಳುವ ಸೋದರಮಾವನೊಬ್ಬನು ಕಥೆಯಲ್ಲಿದ್ದರೆ ಚೆನ್ನ. ದತ್ತಾನಿಯವರ ನಾಟಕದ ಮಾವನಿಂದ ಆ ನಂಟಿಗೆ ತಗಲಿದ ಕಳಂಕವನ್ನು ಅವನಾದರೂ ತೊಳೆದಾನು.

ಟೆಲಿಫೋನಿನಲ್ಲಿ 1098 ಎಂಬ ಸಂಖ್ಯೆಯು ಮಕ್ಕಳಿಗಾಗಿ, 181 ಹೆಂಗಸರಿಗಾಗಿ, 112 ಕೂಡಲೇ ಪೊಲೀಸರ ನೆರವು ಬೇಕಾದವರಿಗಾಗಿ; ಯಾವುದಕ್ಕೂ ಹಣ ಬೀಳುವುದಿಲ್ಲ. ವೈದ್ಯರು, ಕಾನೂನಿನ ನೆರವು, ಸಮಾಧಾನ ಹೇಳುವವರು, ಕೆಲವು ದಿನ ತಂಗಲು ಜಾಗ ಇವೆಲ್ಲ ಒಂದೇ ಸೂರಿನಡಿ ಸಿಗಬೇಕೆಂದು 2015ರಿಂದ ಜಿಲ್ಲಾಕೇಂದ್ರಗಳಲ್ಲಿ “ಸಖಿ” ಕೇಂದ್ರಗಳನ್ನು ತೆರೆಯುವ ಯೋಜನೆ ನಡೆದುಬಂದಿರುವುದು. ಇವನ್ನು ಪಾಠದಂತೆ ಕಥೆಯಲ್ಲಿ ತುರುಕಿದರೆ ಮಕ್ಕಳು ಪುಟವನ್ನು ಹಾರಿಸುವರು. ಅಡಿಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಯಾರೋ ಬರೆದಿಟ್ಟ 1098 ಎಂಬ ನಾಲ್ಕು ಅಂಕೆ ಕಂಡರೆ ಸಾಕು.

ಮಾಘವು ಕಳೆದು ಫಾಲ್ಗುಣವು ಬಂದಿತು. ಪುಸ್ತಕವನ್ನು ಅಂಚೆಯಲ್ಲಿ ಅಕ್ಕನ ಹೆಸರಿಗೇ ಕಳಿಸಿ, ಮೊದಲು ನೀನು ಓದು, ಓದಿ ಆಮೇಲೆ ಬೇಡವೆನಿಸಿದರೆ ಹಿಂದಕ್ಕೆ ಕಳಿಸು ಎಂದು ಚೀಟಿ ಬರೆದಿಟ್ಟಿದ್ದೆನು. ಹತ್ತು ದಿನ ಸುದ್ದಿಯಿರಲಿಲ್ಲ. ಹನ್ನೊಂದನೆಯ ದಿನ ರಾತ್ರಿ ಊಟವಾದ ಮೇಲೆ ಫೋನು ಬಂದಿತು. ಹುಡುಗಿಯ ಪರೀಕ್ಷೆಯ ಮಾತು, ಬಾಳೆತೋಟಕ್ಕೆ ನೀರಿಲ್ಲದ ಮಾತು, ಭಾವನ ಮೊಣಕಾಲಿನ ಮಾತು ಎಲ್ಲ ಮುಗಿಯಿತು.

“ಪುಸ್ತಕ ಓದಿದೆ” ಎಂದಳು. “ನಾಕು ರಾತ್ರಿ ಹಿಡೀತು. ಈಗ ಅಕಿ ಓದಲಿಕ್ಕತ್ತಾಳ, ನನ್ನ ಬಾಜೂಕ ಕುಂತು.”

ನನಗೆ ಸಂತೋಷವಾಯಿತು. ಏನೋ ಹೇಳಬೇಕೆಂದಿದ್ದೆನು, ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

“ತಂಗಿ, ನಮ್ಮ ಕಾಲಕ್ಕ ಇಂಥಾದ್ದೊಂದು ಪುಸ್ತಕ ಯಾರರೆ ನನ್ನ ಕೈಯಾಗ ಕೊಟ್ಟಿದ್ರ…”

ಅಷ್ಟಕ್ಕೇ ನಿಂತಳು. ನಾನು ಏನನ್ನೂ ಕೇಳಲಿಲ್ಲ. ಫೋನನ್ನು ಕಿವಿಗೆ ಹಿಡಿದುಕೊಂಡೇ ಕುಳಿತಿದ್ದೆನು. ಆ ಕಡೆ ನಾಯಿ ಬೊಗಳುವುದೂ ಯಾರೋ ಬಾಗಿಲಿಗೆ ಅಗಳಿ ಹಾಕುವುದೂ ಕೇಳಿಸಿತು. ಬಹಳ ಹೊತ್ತಿನ ಮೇಲೆ, “ಫೋನಿನ್ಯಾಗ ಬ್ಯಾಡ. ಬರ್ತೀ ಏನು?” ಎಂದು ಕೇಳಿದಳು.

ನಾಳೆ ಮುಂಜಾನೆಯ ಮೊದಲನೆಯ ಬಸ್ಸಿಗೆ ಕಮಲಾಪುರಕ್ಕೆ ಹೊರಡುವೆನು.